ಹೊಳಪಲ್ಲ, ನಿಲುವು ಮುಖ್ಯ: ದೊಡ್ಡ ಅಡುಗೆಮನೆಯ ಸ್ಟೀಲ್ ಸ್ಟ್ಯಾಂಡಿನ ವಿಮರ್ಶೆ

ಪುಸ್ತಕವನ್ನು ವಿಮರ್ಶಿಸುತ್ತೇವೆ, ನಾಟಕವನ್ನು ವಿಮರ್ಶಿಸುತ್ತೇವೆ. ಒಲೆಯ ಕೆಳಗಿನ ಸ್ಟ್ಯಾಂಡನ್ನು ಯಾರೂ ವಿಮರ್ಶಿಸುವುದಿಲ್ಲ. ಅದರ ಮೇಲೆ ಕುದಿಯುವ ಸಾರು ಇರುತ್ತದೆ, ಇನ್ನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಓವನ್ ಇರುತ್ತದೆ, ಅದರ ಪಕ್ಕದಲ್ಲೇ ಮನುಷ್ಯರು ನಿಂತು ಕೆಲಸ ಮಾಡುತ್ತಾರೆ. ಆದರೂ ಸ್ಟ್ಯಾಂಡ್ ಕೊಳ್ಳುವಾಗ ನಾವು ಕೇಳುವುದು ಒಂದೇ ಪ್ರಶ್ನೆ: ‘ಇದು ಒರಿಜಿನಲ್ ಸ್ಟೀಲೇನು?’ ಈ ಪ್ರಶ್ನೆ ತಪ್ಪಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದು ಮೊದಲನೆಯದಲ್ಲ ಎಂಬುದೇ ಈ ಲೇಖನದ ವಾದ.

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನಲ್ಲಿ, ಮಹಾರಾಷ್ಟ್ರದ ಜತ್ತ ಗಡಿಗೆ ಹತ್ತಿರವಿರುವ ಕನಮಡಿಯಂಥ ಊರನ್ನು ತೆಗೆದುಕೊಳ್ಳಿ. ಇಂಥ ಊರಿನಲ್ಲಿ ದೊಡ್ಡ ಪ್ರಮಾಣದ ಅಡುಗೆ ನಡೆಯುವ ಜಾಗಗಳೆಂದರೆ ಶಾಲೆ, ವಸತಿನಿಲಯ, ಖಾನಾವಳಿ, ಜಾತ್ರೆಯ ದಾಸೋಹ. ತಿಕೋಟಾ ದಾಟಿ ವಿಜಯಪುರ ನಗರಕ್ಕೆ ಬಂದರೆ ಬೇಕರಿಗಳೂ ಹೋಟೆಲುಗಳೂ ಸೇರುತ್ತವೆ. ಹಿಂದೆ ಇಲ್ಲೆಲ್ಲ ಕಲ್ಲು–ಮಣ್ಣಿನ ಒಲೆ, ಇಟ್ಟಿಗೆಯ ಭಟ್ಟಿ ಇರುತ್ತಿದ್ದವು. ಅವು ನೆಲಕ್ಕೇ ಅಂಟಿಕೊಂಡಿರುತ್ತಿದ್ದುದರಿಂದ ಉರುಳುವ ಪ್ರಶ್ನೆಯೇ ಇರಲಿಲ್ಲ. ಗ್ಯಾಸ್ ಒಲೆ ಮತ್ತು ವಿದ್ಯುತ್ ಓವನ್ ಬಂದಾಗ ಬೆಂಕಿಯನ್ನು ನೆಲದಿಂದ ಮೇಲಕ್ಕೆತ್ತಿ ನಾಲ್ಕು ಕಾಲುಗಳ ಮೇಲೆ ನಿಲ್ಲಿಸಿದೆವು. ನಿಂತು ಅಡುಗೆ ಮಾಡಲು ಅನುಕೂಲವಾಯಿತು. ಜೊತೆಗೆ ಗುರುತ್ವಕೇಂದ್ರವೂ ಮೇಲಕ್ಕೇರಿತು.

ಹೆಸರಿನಲ್ಲೇನಿದೆ?

ಮೊದಲು ಲೋಹದ ಹೆಸರನ್ನೇ ನೋಡೋಣ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ, ಬೇಗನೆ ಸವೆಯದ ಬಂದೂಕಿನ ನಳಿಕೆಗಾಗಿ ಪ್ರಯೋಗ ನಡೆಸುತ್ತಿದ್ದಾಗ ಸುಮಾರು ಶೇಕಡ 13ರಷ್ಟು ಕ್ರೋಮಿಯಮ್ ಇರುವ ಉಕ್ಕನ್ನು ತಯಾರಿಸಿದ. ಅದಕ್ಕಿಂತ ತುಸು ಮೊದಲು, 1912ರಲ್ಲಿ, ಜರ್ಮನಿಯ ಕ್ರುಪ್ ಕಂಪನಿಯ ಮೌರರ್ ಮತ್ತು ಸ್ಟ್ರೌಸ್ ಕ್ರೋಮಿಯಮ್ ಜೊತೆಗೆ ನಿಕ್ಕಲ್ ಬೆರೆತ ಉಕ್ಕನ್ನು ರೂಪಿಸಿದ್ದರು. ಬ್ರಿಯರ್ಲಿ ತನ್ನ ಉಕ್ಕನ್ನು ‘ರಸ್ಟ್‌ಲೆಸ್’ ಅಂದರೆ ‘ತುಕ್ಕಿಲ್ಲದ’ ಉಕ್ಕು ಎಂದು ಕರೆದ. ಚಾಕು ತಯಾರಿಸುವ ಅರ್ನೆಸ್ಟ್ ಸ್ಟುವರ್ಟ್ ಅದನ್ನು ವಿನೆಗರಿನಲ್ಲಿ ಪರೀಕ್ಷಿಸಿ, ಕಲೆಯಾಗದ್ದನ್ನು ಕಂಡು, ‘ಸ್ಟೇನ್‌ಲೆಸ್’ ಎಂಬ ಹೆಸರು ಕೊಟ್ಟ.

ಕನ್ನಡದಲ್ಲಿ ‘ಕಲೆರಹಿತ ಉಕ್ಕು’, ‘ತುಕ್ಕುರಹಿತ ಉಕ್ಕು’ ಎಂಬ ಎರಡೂ ಪದಗಳು ಬಳಕೆಯಲ್ಲಿವೆ. ಎರಡರಲ್ಲೂ ‘ರಹಿತ’ ಎಂಬುದು ಹೆಚ್ಚಿನ ಭರವಸೆ ಕೊಡುತ್ತದೆ. ವಾಸ್ತವವಾಗಿ ಈ ಉಕ್ಕು ತುಕ್ಕನ್ನು ತಡೆಯುತ್ತದೆಯೇ ಹೊರತು ತುಕ್ಕಿನಿಂದ ಸಂಪೂರ್ಣ ಮುಕ್ತವಲ್ಲ. ಕಬ್ಬಿಣಕ್ಕೆ ಕನಿಷ್ಠ ಶೇಕಡ 10.5ರಷ್ಟು ಕ್ರೋಮಿಯಮ್ ಸೇರಿದಾಗ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಮ್ ಆಕ್ಸೈಡ್ ಪದರ ಉಂಟಾಗುತ್ತದೆ. ಕೂದಲಿನ ದಪ್ಪವನ್ನು ಹತ್ತಾರು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ತೆಳುವಾದ ಪದರ ಇದು. ಗೀರು ಬಿದ್ದರೆ ಗಾಳಿಯ ಆಕ್ಸಿಜನ್ ಸಿಕ್ಕ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ಆಕ್ಸಿಜನ್ ಸಿಗದ ಕಡೆ, ಅಥವಾ ಕ್ಲೋರೈಡ್ ಅಯಾನುಗಳು ಪದರವನ್ನು ಭೇದಿಸುವ ಕಡೆ ಈ ರಕ್ಷಣೆ ಸೋಲುತ್ತದೆ. ಆದ್ದರಿಂದ ತರಗತಿಯಲ್ಲಿ ‘ತುಕ್ಕುನಿರೋಧಕ ಉಕ್ಕು’ ಎನ್ನುವುದು ಹೆಚ್ಚು ಪ್ರಾಮಾಣಿಕವಾದ ಪದ. ‘ನಿರೋಧಕ’ ಎಂದಾಗ ‘ಎಷ್ಟರ ಮಟ್ಟಿಗೆ?’ ಎಂಬ ಪ್ರಶ್ನೆಗೆ ಜಾಗ ಉಳಿಯುತ್ತದೆ.

ಆಯಸ್ಕಾಂತದ ಪರೀಕ್ಷೆ

ಅಂಗಡಿಯಲ್ಲಿ ನಡೆಯುವ ಜನಪ್ರಿಯ ಪರೀಕ್ಷೆಯೊಂದಿದೆ. ಆಯಸ್ಕಾಂತ ಹಿಡಿಯುತ್ತಾರೆ. ಅಂಟಿದರೆ ‘ನಕಲಿ’, ಅಂಟದಿದ್ದರೆ ‘ಒರಿಜಿನಲ್’. ಈ ಪರೀಕ್ಷೆ ಸರಿಯೇ? ಉತ್ತರ ನಿಮ್ಮ ಜೇಬಿನಲ್ಲೇ ಇದೆ. 1992ರಿಂದ ಟಂಕಿಸುತ್ತಿರುವ ಒಂದು ರೂಪಾಯಿಯ ಉಕ್ಕಿನ ನಾಣ್ಯದಲ್ಲಿ ಶೇಕಡ 83 ಕಬ್ಬಿಣ, ಶೇಕಡ 17 ಕ್ರೋಮಿಯಮ್ ಇವೆ. ಆಯಸ್ಕಾಂತಕ್ಕೆ ಅದು ಗಟ್ಟಿಯಾಗಿ ಅಂಟುತ್ತದೆ. ಆದರೆ ಬೆವರಿನ ಕೈಗಳಲ್ಲಿ ವರ್ಷಗಟ್ಟಲೆ ಓಡಾಡಿದರೂ ತುಕ್ಕು ಹಿಡಿಯುವುದಿಲ್ಲ. ಇದು ‘ಫೆರಿಟಿಕ್’ ಜಾತಿಯ ಸ್ಟೇನ್‌ಲೆಸ್ ಸ್ಟೀಲ್.

ತದ್ವಿರುದ್ಧ ಉದಾಹರಣೆಯೂ ಉಂಟು. ಸುಮಾರು ಶೇಕಡ 18 ಕ್ರೋಮಿಯಮ್ ಮತ್ತು ಶೇಕಡ 8 ನಿಕ್ಕಲ್ ಇರುವ ‘304’ ದರ್ಜೆಗೆ ಆಯಸ್ಕಾಂತ ಅಂಟುವುದಿಲ್ಲ. ದುಬಾರಿ ನಿಕ್ಕಲ್ಲಿನ ಬಹುಪಾಲನ್ನು ತೆಗೆದು ಮ್ಯಾಂಗನೀಸ್ ಸೇರಿಸಿದ ‘200’ ಸರಣಿಯ ಅಗ್ಗದ ಉಕ್ಕಿಗೂ ಅಂಟುವುದಿಲ್ಲ. ಆದರೆ ಉಪ್ಪಿನ ಮುಂದೆ ಈ ಎರಡನೆಯದು 304ರಷ್ಟು ನಿಲ್ಲಲಾರದು. ಇನ್ನೂ ಒಂದು ವಿಚಿತ್ರ: 304ರ ಹಾಳೆಯನ್ನು ಬಲವಾಗಿ ಬಾಗಿಸಿದ ಮೂಲೆಯಲ್ಲಿ ಸ್ಫಟಿಕ ರಚನೆ ಬದಲಾಗಿ ಆಯಸ್ಕಾಂತ ತುಸು ಅಂಟಬಹುದು. ಹೀಗಾಗಿ ಈ ಪರೀಕ್ಷೆ ಒಳ್ಳೆಯದನ್ನು ತಿರಸ್ಕರಿಸಿ, ಸಾಧಾರಣವಾದುದನ್ನು ಒಪ್ಪಿಕೊಳ್ಳುವ ಸಾಧ್ಯತೆಯಿದೆ. ಆಯಸ್ಕಾಂತ ಹೇಳುವುದು ಸ್ಫಟಿಕ ರಚನೆಯ ಬಗ್ಗೆ. ಬಾಳಿಕೆಯ ಬಗ್ಗೆ ಅಲ್ಲ.

ಕಾಲು ಮುರಿಯುವುದಿಲ್ಲ, ಸ್ಟ್ಯಾಂಡ್ ಉರುಳುತ್ತದೆ

ದರಪಟ್ಟಿಗಳಲ್ಲಿ ‘ಹೆವಿ ಡ್ಯೂಟಿ’ ಎಂಬ ಮಾತು ಸಾಮಾನ್ಯ. ಇದನ್ನು ಲೆಕ್ಕಕ್ಕೆ ಒಡ್ಡೋಣ. 38 ಮಿ.ಮೀ. ಚೌಕದ, 1.2 ಮಿ.ಮೀ. ದಪ್ಪದ ಕೊಳವೆಯನ್ನು ಕಾಲಾಗಿ ಬಳಸಿದ್ದಾರೆ ಎಂದುಕೊಳ್ಳಿ. ಅದರ ಲೋಹದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 176 ಚದರ ಮಿ.ಮೀ. 304 ಉಕ್ಕು ಚದರ ಮಿಲಿಮೀಟರಿಗೆ ಕನಿಷ್ಠ 205 ನ್ಯೂಟನ್ ತಡೆಯುತ್ತದೆ. ಎರಡನ್ನೂ ಗುಣಿಸಿದರೆ ಒಂದು ಕಾಲು ಸುಮಾರು 36,000 ನ್ಯೂಟನ್, ಅಂದರೆ ಮೂರೂವರೆ ಟನ್ನಿಗೂ ಹೆಚ್ಚು ಭಾರವನ್ನು ಹೊರಬಲ್ಲದು. ಓವನ್ನಿನಿಂದ ಒಂದು ಕಾಲಿನ ಪಾಲಿಗೆ ಬರುವುದು ಹತ್ತಾರು ಕಿಲೋಗ್ರಾಂ ಮಾತ್ರ. ಸಾದಾ ಕಬ್ಬಿಣದ ಕೊಳವೆಯೂ ಇದೇ ಸಾಲಿನ ಭಾರವನ್ನು ಹೊರುತ್ತದೆ. ಹಾಗಾದರೆ ‘ಭಾರ ತಡೆಯುತ್ತದೆ’ ಎಂಬ ಹೊಗಳಿಕೆ ನಿಜವಾದರೂ ನಿರುಪಯುಕ್ತ. ಅಪಾಯ ಇರುವುದು ಬೇರೆ ಕಡೆ.

60 ಕಿ.ಗ್ರಾಂ ತೂಕದ, 60 ಸೆಂ.ಮೀ. ಎತ್ತರದ ಓವನ್ನನ್ನು 85 ಸೆಂ.ಮೀ. ಎತ್ತರದ, 15 ಕಿ.ಗ್ರಾಂ ತೂಕದ ಸ್ಟ್ಯಾಂಡಿನ ಮೇಲೆ ಇಡೋಣ. ಮುಂದಿನ ಮತ್ತು ಹಿಂದಿನ ಕಾಲುಗಳ ನಡುವಿನ ಅಂತರ 56 ಸೆಂ.ಮೀ. ಇರಲಿ. ಓವನ್ನಿನ ಗುರುತ್ವಕೇಂದ್ರ ನೆಲದಿಂದ 115 ಸೆಂ.ಮೀ., ಸ್ಟ್ಯಾಂಡಿನದು ಸುಮಾರು 50 ಸೆಂ.ಮೀ. ಎತ್ತರದಲ್ಲಿವೆ. ಎರಡೂ ಸೇರಿದಾಗ ಗುರುತ್ವಕೇಂದ್ರ ಸುಮಾರು 102 ಸೆಂ.ಮೀ. ಎತ್ತರದಲ್ಲಿರುತ್ತದೆ. ಒಟ್ಟು ಭಾರ 75 ಕಿ.ಗ್ರಾಂ. ಅದು ಮುಂದಿನ ಕಾಲುಗಳ ಗೆರೆಯಿಂದ 28 ಸೆಂ.ಮೀ. ಹಿಂದೆ ಕೆಲಸ ಮಾಡುತ್ತದೆ. ಅಂದರೆ ಸ್ಟ್ಯಾಂಡನ್ನು ನಿಲ್ಲಿಸಿಟ್ಟಿರುವ ಭ್ರಾಮಕ 75 × 28 = 2,100 ಕಿ.ಗ್ರಾಂ–ಸೆಂ.ಮೀ.

ಈಗ ಅಂಟಿಕೊಂಡ ಬಾಗಿಲನ್ನು ಕೆಲಸಗಾರನೊಬ್ಬ ನೆಲದಿಂದ 120 ಸೆಂ.ಮೀ. ಎತ್ತರದಲ್ಲಿ ಹಿಡಿದು ತನ್ನ ಕಡೆ ಜಗ್ಗುತ್ತಾನೆ. 2,100ನ್ನು 120ರಿಂದ ಭಾಗಿಸಿದರೆ 17.5. ಹದಿನೇಳೂವರೆ ಕಿಲೋಗ್ರಾಂ ಭಾರಕ್ಕೆ ಸಮನಾದ ಎಳೆತಕ್ಕೆ ಹಿಂದಿನ ಕಾಲುಗಳು ನೆಲ ಬಿಡುತ್ತವೆ! ಕಾಲುಗಳು ಜಾರದಷ್ಟು ಘರ್ಷಣೆ ಇದ್ದರೆ ಇದೇ ಆಗುವುದು. ಕೆಳಮುಖವಾಗಿ ತೆರೆಯುವ ಬಾಗಿಲಾದರೆ, ಮುಂದಿನ ಕಾಲುಗಳಿಂದ 45 ಸೆಂ.ಮೀ. ಹೊರಗೆ ಅದರ ಮೇಲೆ 47 ಕಿ.ಗ್ರಾಂ ಭಾರ ಬಿದ್ದರೆ ಸಾಕು. ಕಾಲು ಜಾರಿದ ವ್ಯಕ್ತಿ ಆಸರೆಗೆಂದು ಹಿಡಿಯುವುದು ಇದೇ ಬಾಗಿಲನ್ನು.

ಪರಿಹಾರಕ್ಕೆ ದುಬಾರಿ ಲೋಹ ಬೇಡ. ಸ್ಟ್ಯಾಂಡಿನ ಎತ್ತರವನ್ನು 60 ಸೆಂ.ಮೀ.ಗೆ ಇಳಿಸಿದರೆ ಉರುಳುವ ಕೋನ ಸುಮಾರು 15 ಡಿಗ್ರಿಯಿಂದ 19 ಡಿಗ್ರಿಗೆ ಏರುತ್ತದೆ. ಎತ್ತರ ಹಾಗೆಯೇ ಉಳಿಸಿ ಕಾಲುಗಳ ಅಂತರವನ್ನು 70 ಸೆಂ.ಮೀ. ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಲಾಭ. ಗೋಡೆಗೆ ಒಂದು ಕ್ಲ್ಯಾಂಪ್ ಹಾಕಿ ಬಿಗಿದರೆ ಸಮಸ್ಯೆಯೇ ಇಲ್ಲ. 304 ಎಂಬ ಅಂಕೆ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ.

ಇನ್ನೆರಡು ದೋಷಗಳನ್ನು ಇಲ್ಲೇ ಹೇಳಬೇಕು. ಮೊದಲನೆಯದು, ಅನೇಕ ಸ್ಟ್ಯಾಂಡುಗಳಲ್ಲಿ ಓವನ್ ಸುಮ್ಮನೆ ಮೇಲೆ ಕುಳಿತಿರುತ್ತದೆ. ನುಣುಪಾದ ಹಾಳೆಯ ಮೇಲೆ ಎಣ್ಣೆ ಹರಡಿದಾಗ ಘರ್ಷಣಾಂಕ 0.1ರ ಆಸುಪಾಸಿಗೆ ಇಳಿಯಬಹುದು. ಆಗ 60 ಕಿ.ಗ್ರಾಂ ಓವನ್ ಆರು ಕಿಲೋಗ್ರಾಂ ತಳ್ಳಿಗೇ ಜಾರುತ್ತದೆ. ಅಂಚಿನಲ್ಲಿ ಮೇಲಕ್ಕೆ ಮಡಿಚಿದ ಪಟ್ಟಿ ಅಥವಾ ಎರಡು ಬೋಲ್ಟ್ ಇದನ್ನು ತಡೆಯುತ್ತವೆ. ಎರಡನೆಯದು, ನಾಲ್ಕು ಕಾಲು ಮತ್ತು ಮೇಲಿನ ಚೌಕಟ್ಟು ಮಾತ್ರ ಇದ್ದು ಕರ್ಣಪಟ್ಟಿ ಇಲ್ಲದ ರಚನೆ. ಆಯತ ಒತ್ತಿದರೆ ಸಮಾಂತರ ಚತುರ್ಭುಜವಾಗುತ್ತದೆ. ತ್ರಿಭುಜ ಆಕಾರ ಬದಲಿಸುವುದಿಲ್ಲ. ರೇಖಾಗಣಿತದ ಈ ಪಾಠ ಗೊತ್ತಿರುವ ವಿದ್ಯಾರ್ಥಿ ಸ್ಟ್ಯಾಂಡಿನ ಹಿಂಬದಿಯಲ್ಲಿ ಒಂದು ಓರೆಪಟ್ಟಿ ಇದೆಯೇ ಎಂದು ನೋಡಬಲ್ಲ.

ಶಾಲೆಯ ಅಡುಗೆಮನೆ: ಮೂರು ಕಾಲೇ, ನಾಲ್ಕು ಕಾಲೇ?

ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002–03ರಲ್ಲಿ ಮೊದಲು ಆರಂಭವಾದದ್ದು ಉತ್ತರದ ಏಳು ಜಿಲ್ಲೆಗಳಲ್ಲಿ. ಆಗಿನ ಬಿಜಾಪುರ ಜಿಲ್ಲೆ ಅವುಗಳಲ್ಲೊಂದು. ಇಂದು ಅನೇಕ ಹಳ್ಳಿಗಳ ಶಾಲೆಯಲ್ಲಿ ಒಂದು ದೊಡ್ಡ ಅಡುಗೆಮನೆಯಿದೆ. ಅಲ್ಲಿ ಓವನ್ ಇಲ್ಲ. ಗ್ಯಾಸಿನ ಭಟ್ಟಿ ಒಲೆ ಮತ್ತು ಅದರ ಸ್ಟ್ಯಾಂಡ್ ಇವೆ. ಭೌತವಿಜ್ಞಾನ ಮಾತ್ರ ಅದೇ.

ಪ್ರಾಥಮಿಕ ತರಗತಿಯ ಒಂದು ಮಗುವಿಗೆ ನಿಗದಿಯಾದ ಧಾನ್ಯ 100 ಗ್ರಾಂ. 200 ಮಕ್ಕಳಿಗೆ 20 ಕಿ.ಗ್ರಾಂ ಅಕ್ಕಿ. ನೀರು ಮತ್ತು ಪಾತ್ರೆ ಸೇರಿದರೆ ಸುಮಾರು 75 ಕಿ.ಗ್ರಾಂ. ಸ್ಟ್ಯಾಂಡಿನ ಪಾದಗಳು 25 ಸೆಂ.ಮೀ. ತ್ರಿಜ್ಯದ ವೃತ್ತದ ಮೇಲಿವೆ ಎನ್ನಿ. ಮೂರು ಕಾಲಿದ್ದರೆ ಕೇಂದ್ರದಿಂದ ಉರುಳುವ ಅಂಚಿಗೆ ಅಂತರ ತ್ರಿಜ್ಯದ ಅರ್ಧ, ಅಂದರೆ 12.5 ಸೆಂ.ಮೀ. ನಾಲ್ಕು ಕಾಲಿದ್ದರೆ ಸುಮಾರು 17.7 ಸೆಂ.ಮೀ. ಪಾತ್ರೆಯ ಕಂಠ ನೆಲದಿಂದ 105 ಸೆಂ.ಮೀ. ಎತ್ತರದಲ್ಲಿದ್ದು, ಅದರ ಹಿಡಿಕೆಯನ್ನು ಅಡ್ಡಕ್ಕೆ ಎಳೆದರೆ, ಮೂರು ಕಾಲಿನದು ಸುಮಾರು 9 ಕಿ.ಗ್ರಾಂ ಎಳೆತಕ್ಕೆ, ನಾಲ್ಕು ಕಾಲಿನದು ಸುಮಾರು 12.6 ಕಿ.ಗ್ರಾಂ ಎಳೆತಕ್ಕೆ ಉರುಳತೊಡಗುತ್ತದೆ. (ಸ್ಟ್ಯಾಂಡಿನ ಸ್ವಂತ ತೂಕವನ್ನು ಇಲ್ಲಿ ಬಿಟ್ಟಿದ್ದೇನೆ.) ಸ್ಟ್ಯಾಂಡನ್ನು 30 ಸೆಂ.ಮೀ. ತಗ್ಗಿಸಿದರೆ ಈ ಅಂಕಿಗಳು 12.5 ಮತ್ತು 17.7 ಆಗುತ್ತವೆ.

ಹಾಗಾದರೆ ಮೂರು ಕಾಲು ಕೆಟ್ಟದ್ದೇ? ಮೂರು ಬಿಂದುಗಳು ಯಾವಾಗಲೂ ಒಂದು ಸಮತಲದಲ್ಲಿ ಇರುತ್ತವೆ. ಆದ್ದರಿಂದ ಮೂರು ಕಾಲಿನದು ಎಂಥ ನೆಲದ ಮೇಲೂ ಅಲುಗುವುದಿಲ್ಲ. ಮೂರು ಕಲ್ಲಿನ ಒಲೆಯ ಹಿಂದಿನ ಜಾಣ್ಮೆ ಇದೇ. ಅದು ನೆಲಮಟ್ಟದಲ್ಲಿದ್ದುದರಿಂದ ಉರುಳುವ ಭಯವಿರಲಿಲ್ಲ. ಅದೇ ಮೂರು ಕಾಲನ್ನು ಎತ್ತರಿಸಿದಾಗ ಗುಣ ದೋಷವಾಗುತ್ತದೆ. ನಾಲ್ಕು ಕಾಲಿನದಕ್ಕೆ ಉರುಳುವ ಭಯ ಕಡಿಮೆ. ಆದರೆ ನಮ್ಮ ಭಾಗದ ಫರಸಿ ಹಾಸಿದ ನೆಲ ಏರುಪೇರಾಗಿದ್ದರೆ ಒಂದು ಕಾಲು ಗಾಳಿಯಲ್ಲೇ ಉಳಿದು, ಭಾರದ ಬಹುಪಾಲು ಕರ್ಣದ ಎರಡು ಕಾಲುಗಳ ಮೇಲೆ ಬೀಳುತ್ತದೆ. ಎತ್ತರ ಹೊಂದಿಸುವ ತಿರುಪಿನ ಪಾದ ಇದ್ದರೆ ಈ ದೋಷ ನೀಗುತ್ತದೆ. ಅದಿಲ್ಲದ ಕಡೆ ಕಾಲಿನ ಕೆಳಗೆ ಹೆಂಚಿನ ಚೂರೋ ರಟ್ಟೋ ಬರುತ್ತದೆ. ಕುದಿಯುವ ಎಪ್ಪತ್ತು ಕಿಲೋಗ್ರಾಂ ಅನ್ನ ಒಂದು ಚೂರು ಹೆಂಚಿನ ಮೇಲೆ ನಿಲ್ಲುತ್ತದೆ.

ಬಿಸಿಯ ಲೆಕ್ಕ

ಉಷ್ಣದ ವಿಷಯದಲ್ಲಿ ಈ ಉಕ್ಕಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಇದರ ಉಷ್ಣವಾಹಕತೆ ಮೀಟರ್–ಕೆಲ್ವಿನ್ನಿಗೆ ಸುಮಾರು 16 ವ್ಯಾಟ್. ಸಾದಾ ಕಬ್ಬಿಣದ್ದು 50ರಷ್ಟು, ತಾಮ್ರದ್ದು 400ರಷ್ಟು. ಆದ್ದರಿಂದ ಮೇಲೆ ಬಿಸಿಯಿದ್ದರೂ ಕಾಲುಗಳು ಬೇಗ ಬಿಸಿಯಾಗುವುದಿಲ್ಲ. ಆದರೆ ಇದೇ ಗುಣಕ್ಕೆ ಇನ್ನೊಂದು ಮುಖವಿದೆ. ಬಿಸಿ ಹರಡದೆ ಒಂದೇ ಕಡೆ ನಿಲ್ಲುತ್ತದೆ. ಜೊತೆಗೆ 304 ಉಕ್ಕಿನ ವ್ಯಾಕೋಚನಾಂಕ ಡಿಗ್ರಿಗೆ ದಶಲಕ್ಷದಲ್ಲಿ 17 ಭಾಗ. ಸಾದಾ ಕಬ್ಬಿಣಕ್ಕೆ 12. 60 ಸೆಂ.ಮೀ. ಪಟ್ಟಿ 150 ಡಿಗ್ರಿ ಬಿಸಿಯಾದರೆ ಮೊದಲನೆಯದು 1.5 ಮಿ.ಮೀ., ಎರಡನೆಯದು 1.1 ಮಿ.ಮೀ. ಹಿಗ್ಗುತ್ತದೆ. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದಿದ್ದಾಗ ತೆಳು ಹಾಳೆ ಉಬ್ಬಿ ಸೊಟ್ಟಗಾಗುತ್ತದೆ.

ಇದಕ್ಕೆ ಮದ್ದು ದಪ್ಪ. ಆದರೆ ದಪ್ಪವನ್ನು ‘ಗೇಜ್’ನಲ್ಲಿ ಹೇಳುವುದರಿಂದ ಗೊಂದಲ. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 16 ಗೇಜ್ ಎಂದರೆ ಸುಮಾರು 1.6 ಮಿ.ಮೀ. ಅಂಕೆ ಹೆಚ್ಚಾದಷ್ಟೂ ಹಾಳೆ ತೆಳು! ಬಾಗುವಿಕೆಗೆ ಹಾಳೆ ಒಡ್ಡುವ ಪ್ರತಿರೋಧ ದಪ್ಪದ ಘನಕ್ಕೆ ಅನುಪಾತದಲ್ಲಿರುವುದರಿಂದ, 16 ಗೇಜಿನ ಹಾಳೆ 18 ಗೇಜಿಗಿಂತ ಎರಡೂಕಾಲು ಪಟ್ಟಿಗೂ ಹೆಚ್ಚು ಬಿಗಿ. ದರಪಟ್ಟಿಯಲ್ಲಿ ಮಿಲಿಮೀಟರನ್ನೇ ಕೇಳಿ.

ಉಪ್ಪುನೀರು, ಆ್ಯಸಿಡ್ ಮತ್ತು ಒಂದು ಬೋಲ್ಟ್

ಜತ್ತ ಭಾಗದಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಯಲ್ಲಿ ಹರಿಯುವ ಡೋಣಿ ನದಿಯ ನೀರು ಉಪ್ಪೆಂಬುದು ಈ ಸೀಮೆಯವರಿಗೆ ಹೊಸದಲ್ಲ. ಹಲವು ಕೊಳವೆಬಾವಿಗಳ ನೀರೂ ಸಪ್ಪೆಯಲ್ಲ. ಇಂಥ ನೀರಿನಲ್ಲಿ ತೊಳೆದ ಸ್ಟ್ಯಾಂಡ್ ಒಣಗಿದಾಗ ನೀರು ಹೋಗಿ ಕ್ಲೋರೈಡ್ ಉಳಿಯುತ್ತದೆ. ಕಾಲಿನ ಟೊಪ್ಪಿಗೆಯ ಒಳಗೆ, ಬೆಸುಗೆಯ ಸಂದಿನಲ್ಲಿ ಅದು ಸೇರಿಕೊಂಡು ಸೂಜಿಮೊನೆಯಂಥ ಕುಳಿಗಳನ್ನು ಕೊರೆಯುತ್ತದೆ. ಮೇಲೆ ಹೊಳಪು, ಪಾದದಲ್ಲಿ ತೂತು. ನೆಲ ತೊಳೆಯಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲ ಇನ್ನೂ ಕೆಟ್ಟದ್ದು. ಅದರ ಹೊಗೆಯೂ ಸಾಕು. ಕಬ್ಬಿಣದ ತಂತಿ ಬ್ರಷ್ಷಿನಿಂದ ಉಜ್ಜಿದರೆ ಅಂಟಿಕೊಂಡ ಕಬ್ಬಿಣದ ಕಣಗಳೇ ತುಕ್ಕು ಹಿಡಿಯುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸುವುದೇ ಉತ್ತಮ ರಕ್ಷಣೆ.

ಇನ್ನೊಂದು ಸಾಮಾನ್ಯ ತಪ್ಪು: ಒಳ್ಳೆಯ ಉಕ್ಕಿನ ಸ್ಟ್ಯಾಂಡಿಗೆ ಸಾದಾ ಕಬ್ಬಿಣದ ಬೋಲ್ಟ್. ಉಪ್ಪುನೀರು ಸೇರಿದಾಗ ಎರಡು ಲೋಹಗಳ ನಡುವೆ ಪುಟ್ಟ ವಿದ್ಯುತ್ಕೋಶ ಏರ್ಪಡುತ್ತದೆ. ಕಬ್ಬಿಣ ಆನೋಡ್ ಆಗಿ ಕರಗುತ್ತದೆ. ಸ್ಟ್ಯಾಂಡ್ ದೊಡ್ಡದು, ಬೋಲ್ಟ್ ಚಿಕ್ಕದು. ಹೀಗಾಗಿ ಬೋಲ್ಟ್ ಬೇಗನೆ ಸವೆಯುತ್ತದೆ. ಇಡೀ ಸ್ಟ್ಯಾಂಡಿನ ಬಿಗಿತ ಆ ಬೋಲ್ಟಿನ ಮೇಲೆಯೇ ನಿಂತಿರುತ್ತದೆ.

ಕೊಳ್ಳುವವರಿಗೆ

ಕಾಲಿಗೆ ‘ಫುಡ್ ಗ್ರೇಡ್’ ಎಂಬ ಹೊಗಳಿಕೆ ಬೇಡ. ಕಾಲು ಊಟಕ್ಕೆ ತಾಗುವುದಿಲ್ಲ. ಬಣ್ಣ ಉದುರದ, ಒರೆಸಿದರೆ ಶುಚಿಯಾಗುವ ಮೇಲ್ಮೈ ಈ ಉಕ್ಕಿನ ನಿಜವಾದ ಗುಣ. ಅದಕ್ಕಾಗಿ ಹೆಚ್ಚು ಹಣ ಕೊಡುವುದು ಸರಿ. ಆದರೆ ಓರೆಪಟ್ಟಿಯಿಲ್ಲದ ಹೊಳೆಯುವ ಸ್ಟ್ಯಾಂಡಿಗಿಂತ, ಬಣ್ಣ ಬಳಿದ ಕಬ್ಬಿಣದ ಪಟ್ಟಿಯಿಂದ ಸರಿಯಾಗಿ ಕಟ್ಟಿದ ಅಗಲ ಪಾದದ ಸ್ಟ್ಯಾಂಡ್ ಸುರಕ್ಷಿತ. ಶಾಲಾಭಿವೃದ್ಧಿ ಸಮಿತಿಯವರಾಗಲಿ, ಖಾನಾವಳಿಯವರಾಗಲಿ, ದರ ಕೇಳುವ ಮೊದಲು ಇಷ್ಟನ್ನು ಕೇಳಬೇಕು: ಕಾಲುಗಳ ಅಂತರ ಎಷ್ಟು, ಎತ್ತರ ಎಷ್ಟು? ಓರೆಪಟ್ಟಿ ಇದೆಯೇ? ತಿರುಪಿನ ಪಾದ ಇದೆಯೇ? ಮೇಲಿಡುವ ಸಾಧನವನ್ನು ಬಿಗಿಯಲು ವ್ಯವಸ್ಥೆ ಇದೆಯೇ? ಹಾಳೆ ಎಷ್ಟು ಮಿಲಿಮೀಟರ್? ಉಕ್ಕಿನ ದರ್ಜೆ ಆರನೆಯ ಪ್ರಶ್ನೆಯಾಗಲಿ. ಎತ್ತರವನ್ನು ನಿರ್ಧರಿಸುವಾಗ ಅಡುಗೆ ಮಾಡುವ ಅಕ್ಕಂದಿರ ಮೊಣಕೈ ಎತ್ತರ ಅಳೆಯಿರಿ. ಪಾತ್ರೆಯ ಕಂಠ ಅದಕ್ಕಿಂತ ಮೇಲಿರಬಾರದು.

ಶಿಕ್ಷಕರಿಗೆ

ಕೊನೆಯ ಆಕ್ಷೇಪ ನಮ್ಮ ಬೋಧನೆಯ ಕುರಿತು. ಮಿಶ್ರಲೋಹದ ಪಾಠದಲ್ಲಿ ‘ಇದು ತುಕ್ಕು ಹಿಡಿಯುವುದಿಲ್ಲ’ ಎಂಬ ಒಂದು ವಾಕ್ಯ, ಗುರುತ್ವಕೇಂದ್ರದ ಪಾಠದಲ್ಲಿ ಪೀಸಾದ ಗೋಪುರ — ಇಷ್ಟಕ್ಕೇ ಮುಗಿಸುತ್ತೇವೆ. ಪೀಸಾ ದೂರ, ಬಿಸಿಯೂಟದ ಕೋಣೆ ಹತ್ತು ಹೆಜ್ಜೆ. ಒಲೆ ಆರಿದ ಮೇಲೆ, ಪಾತ್ರೆ ಇಳಿಸಿದ ಮೇಲೆ, ಮಕ್ಕಳು ಅಳತೆಪಟ್ಟಿ ಹಿಡಿದು ಸ್ಟ್ಯಾಂಡಿನ ಎತ್ತರ, ಕಾಲುಗಳ ಅಂತರ ಬರೆದುಕೊಳ್ಳಲಿ. ಉರುಳುವ ಬಲವನ್ನು ಲೆಕ್ಕ ಹಾಕಲಿ. ಸ್ಪ್ರಿಂಗ್ ತ್ರಾಸಿನಿಂದ ಖಾಲಿ ಸ್ಟ್ಯಾಂಡನ್ನು ಎಳೆದು ಉತ್ತರವನ್ನು ತಾಳೆ ನೋಡಲಿ. ಒಂದು ರೂಪಾಯಿ ನಾಣ್ಯ ಮತ್ತು ಮನೆಯ ಚಮಚಗಳಿಗೆ ಆಯಸ್ಕಾಂತ ಹಿಡಿದು ಪಟ್ಟಿ ಮಾಡಲಿ. ಉಪ್ಪುನೀರಿನಲ್ಲಿ ಒಂದು ಮೊಳೆಯನ್ನು ಒಂಟಿಯಾಗಿ, ಇನ್ನೊಂದನ್ನು ಸ್ಟೀಲ್ ಚಮಚಕ್ಕೆ ತಾಗಿಸಿ ಒಂದು ವಾರ ಇಡಲಿ. ಲೆಕ್ಕದಲ್ಲಿ ದೋಷ ಕಂಡರೆ ಅದನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಲಿ. ಆ ಹಾಳೆಯಿಂದ ಗೋಡೆಗೆ ಒಂದು ಕ್ಲ್ಯಾಂಪ್ ಬಿದ್ದರೆ, ಭೌತವಿಜ್ಞಾನದ ಆ ಪಾಠ ಪೂರ್ಣವಾಯಿತೆಂದು ತಿಳಿಯಬಹುದು.